ಕೆಂಪಾಜಮ್ಮನ ಕೊಂಡಿ

ಪಾಂಡವಪುರ ಪೇಟೆಯಲ್ಲಿ ಒಡವೆ ರಿಪೇರಿ ಮಾಡುವ ಇಮಾಮ್‌ನ ಅಂಗಡಿಗೆ, ಡೇರಿಗೆ ಹಾಲು ಹಾಕುವ ಕೆಂಪಾಜಮ್ಮ ಬಂದಳೆಂದರೆ ಸರದ ಕೊಂಡಿಗಳೆಲ್ಲ ಪರೀಕ್ಷೆಗೆ ಕೂತಂತೆ. ಹೊಳಪು ಅವಳಿಗೆ ಬೇಡ, ಹಿಡಿತ ಬೇಕು. ಕೊಕ್ಕೆಯ ಕೊಂಡಿಯನ್ನು ಹಸುವಿನ ಹಗ್ಗದಂತೆ ಜಗ್ಗಿ, "ಇದೂ ಒಂದು ಕೊಂಡಿಯೇನ್ಲಾ ಇಮಾಮು? ನಮ್ಮ ಕರ ಸೀನುದ್ರೆ ಬಿಚ್ಕತ್ತದೆ" ಎನ್ನುತ್ತಾಳೆ. ತಿರುಪಿನ ಕೊಂಡಿ ಕೊಟ್ಟರೆ, ಅದನ್ನು ತನ್ನ ಸರಕ್ಕೆ ಹಾಕಿಸಿ ತೊಟ್ಟುಕೊಂಡು, ಬೆಂಚಿನ ಮೇಲೆ ಕೂತ ಗುರುತಿಲ್ಲದ ಹೆಂಗಸರಿಗೆ ಬೆನ್ನು ತಿರುಗಿಸಿ, "ಬಿಚ್ಚವ್ವ, ಅದೆಂಗೆ ಬಿಚ್ಚೀಯೋ ನೋಡ್ತೀನಿ" ಎಂದು ಸವಾಲು ಹಾಕುತ್ತಾಳೆ. ಎಂಥ ಕೊಂಡಿಯೂ ಕೊನೆಗೆ ಯಾರದಾದರೂ ಬೆರಳಿಗೆ ಸೋಲುತ್ತದೆ. ಮುಂದಿನ ಸಂತೆಗೆ ಅವಳು ಮತ್ತೆ ಹಾಜರು. "ಕಳ್ಳರ ಭಯಾನಾ ಅಕ್ಕ?" ಎಂದು ಇಮಾಮ್ ಈ ಸಲ ಕೇಳಿಯೇ ಬಿಟ್ಟ. "ಕಳ್ಳರಿಗಾದ್ರೆ ಪೊಲೀಸ್ನೋರವ್ರೆ. ನಮ್ಮೋರಿಗೆ ಯಾರವ್ರೆ? ಗಂಡ ಸತ್ತ ಹನ್ನೊಂದ್ನೇ ದಿನ ನಾದ್ನಿ ಹಿಂದಿಂದ ಬಂದು ಈ ಸರವ ಬಿಚ್ಬುಟ್ಲು ಕಣಪ್ಪ. ಸಂಜೆಗೇ ಅವ್ಳ ಕೈಯಿಂದ ಕಿತ್ಕಂಡು ಹಾಕ್ಕಂಡೆ" ಎಂದ ಕೆಂಪಾಜಮ್ಮ, ಸರವನ್ನು ಗಾಜಿನ ಮೇಲಿಟ್ಟು ಪದಕದ ಪಕ್ಕಕ್ಕೆ ಬೆರಳು ಊರಿದಳು. "ಕೊಂಡೀನ ಇಲ್ಲೇ ಕೂರ್ಸು." "ಮುಂದ್ಗಡೆನಾ? ಚೆಂದ ಕಾಣಲ್ಲ ಅಕ್ಕ." "ಚೆಂದ ಅತ್ಲಾಗಿರ್ಲಿ ಬುಡು. ಇನ್ಮ್ಯಾಕೆ ಬಿಚ್ಚೋರು ನನ್ನ ಮಕ ನೋಡ್ಕಂಡು ಬಿಚ್ಲಿ."