ಹೊಸ್ತಿಲು ದಾಟಿಸಿದವರು

ನಡೆದದ್ದು ಹೀಗೆಯೇ ಎಂದು ಆಣೆ ಮಾಡಲಾರೆ; ನನ್ನ ನೆನಪು ಕಥೆ ಕಟ್ಟುತ್ತದೆ.

ಮಧುಗಿರಿಯ ನಮ್ಮ ಚರ್ಚಿನ ಉಪದೇಶಿಯ ಹೆಂಡತಿ ಯಾರಿಗೂ ಬುದ್ಧಿ ಹೇಳುತ್ತಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, "ಮೊದ್ಲು ಉಣ್ಣಿ, ಆಮೇಲೆ ಜಗಳ ಆಡ್ಕಳಿ" ಎನ್ನುತ್ತಿದ್ದರು.

ಚರ್ಚಿಗೆ ಸೇರಿದ ಯಾವ ಮನೆಯಲ್ಲಿ ಹೆರಿಗೆಯಾದರೂ ದಿನಕ್ಕೊಂದು ಮನೆಯಿಂದ ಬಾಣಂತಿಗೆ ಊಟ ಹೋಗುವುದು ರೂಢಿ. ಆ ಸಲದ ಬಾಣಂತಿಗೆ ತಾಯಿಯಿರಲಿಲ್ಲ. ಆಸರೆಯಾಗಬೇಕಿದ್ದ ವಾರಗಿತ್ತಿ ಜಗಳವಾಡಿ ಮಾತು ಬಿಟ್ಟಿದ್ದಳು. ಭಾನುವಾರ ಆರಾಧನೆ ಮುಗಿದ ಮೇಲೆ ಉಪದೇಶಿಯ ಹೆಂಡತಿ ಬಿಸಿ ಸಾರಿನ ಪಾತ್ರೆಯನ್ನು ಆ ವಾರಗಿತ್ತಿಯ ಕೈಗೇ ಇಟ್ಟರು.

"ಅವ್ಳ ಹೊಸ್ಲು ನಾ ತುಳಿಯಲ್ಲ ಕಣಮ್ಮ."

"ತುಳೀಬ್ಯಾಡ ಕಣೇ, ದಾಟ್ಕಂಡ್ ಹೋಗು. ಸಾರು ಆರೋಯ್ತದೆ."

ಸುತ್ತ ನಿಂತವರು ನಕ್ಕರು. ಅವಳು ಗೊಣಗುತ್ತಲೇ ಹೋದಳು. ಇಬ್ಬರೂ ತಬ್ಬಿಕೊಂಡು ಅತ್ತರೆಂದು ಜನ ಹೇಳಿದರು, ನಾನು ನಂಬಲಿಲ್ಲ.

ಈಚೆಗೆ ಆ ಬಾಣಂತಿಯನ್ನೇ ಕೇಳಿದೆ. ಅತ್ತದ್ದು ಅವಳಿಗೆ ನೆನಪಿಲ್ಲ. ಮರುದಿನದಿಂದ ಕೂಸಿಗೆ ನೀರೆರೆದದ್ದು ಮಾತ್ರ ವಾರಗಿತ್ತಿಯೇ.