ಮೂವತ್ತೊಂದು ಹೆಸರುಗಳ ಪತ್ರ

ನವೆಂಬರಿನ ಬೆಳಗು ಇನ್ನೂ ಕಣ್ಣು ಬಿಟ್ಟಿಲ್ಲ. ನಿನೋವೆಯಿಂದ ಬ್ರಸೆಲ್ಸಿಗೆ ಹೊರಟ ಮೊದಲ ರೈಲಿನಲ್ಲಿ, ಕಿಟಕಿಯ ಪಕ್ಕ, ಲುಟ್‌ಗಾರ್ಡ್ ಸ್ಟಾಸೆನ್ ತೊಡೆಯ ಮೇಲೆ ಹಾಳೆ ಹರವಿಕೊಂಡು ಕೂತಿದ್ದಾರೆ. ಒಂಬತ್ತು ಗಂಟೆಯಿಂದ ಯುರೋಪ್ ಸಂಸತ್ತಿನ ಸಂಸದರ ಸಮಿತಿ ಒಂದೊಂದಾಗಿ ಮತ ಹಾಕಲಿರುವ ಮುನ್ನೂರ ಹನ್ನೆರಡು ತಿದ್ದುಪಡಿಗಳ ಪಟ್ಟಿ ಅದು. ಬಡದೇಶಗಳ ಬಗ್ಗೆ ಯುರೋಪು ಹೇಗೆ ನಡೆದುಕೊಳ್ಳಬೇಕೆಂಬ ಕಡತದ ತಿದ್ದುಪಡಿಗಳು. ಒಪ್ಪುವಂಥದ್ದರ ಮುಂದೆ ಕೂಡಿಸುವ ಗುರುತು, ಒಪ್ಪದ್ದರ ಮುಂದೆ ಕಳೆಯುವ ಗುರುತು. ಏಳೂವರೆಯೊಳಗೆ ಈ ಪಟ್ಟಿ ಸಂಸದರ ಸಹಾಯಕರ ಕೈ ಸೇರಬೇಕು. ತಡವಾದರೆ ಯಾರೂ ಬಿಡಿಸಿ ನೋಡುವುದಿಲ್ಲ. ಇನ್ನೂರ ಹದಿನಾಲ್ಕರ ಹತ್ತಿರ ಬಂದಾಗ ಪೆನ್ಸಿಲು ನಿಲ್ಲುತ್ತದೆ.

"ಇದು ನಮ್ಮದು. ಹಾಲಿಂದು," ಎನ್ನುತ್ತಾರೆ. ದನಿಯಲ್ಲಿ ಹಿಗ್ಗಿಲ್ಲ.

ಲುಟ್‌ಗಾರ್ಡ್‌ಗೆ ಈಗ ಐವತ್ತೊಂಬತ್ತು. ಹತ್ತೊಂಬತ್ತು ದೇಶಗಳ ಮೂವತ್ತೊಂದು ಸಂಘಗಳ ಒಕ್ಕೂಟವೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಪತ್ರ ಬರೆಯುವ ಕೆಲಸ. ಒಂದು ಕೈಯಿಂದ ನೆರವು ಕೊಟ್ಟು ಇನ್ನೊಂದು ಕೈಯಿಂದ ಕಸಿಯಬೇಡಿ ಎಂದು ಅಧಿಕಾರದಲ್ಲಿರುವವರಿಗೆ ಹೇಳುವ ಪತ್ರಗಳು. ದಿನಕ್ಕೆ ನೂರ ನಲವತ್ತು ಮಿಂಚಂಚೆ. ಒಂದು ಪತ್ರಕ್ಕೆ ಏಳೆಂಟು ಕರಡು. ಕೊನೆಗೆ ಪತ್ರದ ಕೆಳಗೆ ಮೂವತ್ತೊಂದು ಹೆಸರು ಮೂಡುತ್ತವೆ. ಆ ಸಾಲಿನಲ್ಲಿ ಇವರ ಹೆಸರು ಇಲ್ಲಿಯವರೆಗೆ ಒಮ್ಮೆಯೂ ಬಂದಿಲ್ಲ.

ಇವರು ಹುಟ್ಟಿದ್ದೂ ಹಾಲಿನ ಮನೆಯಲ್ಲೇ. ತಮ್ಮ ಇಂದಿಗೂ ಎಪ್ಪತ್ತು ಹಸು ಕಟ್ಟಿದ್ದಾನೆ. "ಭಾನುವಾರದ ಊಟಕ್ಕೆ ಕೂತಾಗೆಲ್ಲ ಕೆಣಕ್ತಾನೆ. 'ಅಕ್ಕಾ, ನೀನು ಯಾರ ಹಸು ಪರ? ನಮ್ಮವಾ, ಸೆನೆಗಲ್‌ನವಾ?' ಅಂತ. ಎರಡೂ ಹಸು ಪರ ಕಣೋ, ಅವುಗಳ ಹೆಸರಲ್ಲಿ ಹಾಲಿನ ಪುಡಿ ಮಾರೋರ ಪರ ಅಲ್ಲ ಅಂತೀನಿ. ಅವನು ಸೂಪ್ ಕುಡಿಯೋಕೆ ತಲೆ ಬಗ್ಗಿಸ್ತಾನೆ."

ಇಲ್ಲಿ ಮಿಕ್ಕ ಹಾಲಿನಿಂದ ಬೆಣ್ಣೆ ತೆಗೆದು, ಆ ಜಾಗಕ್ಕೆ ತಾಳೆ ಎಣ್ಣೆ ಬೆರೆಸಿ, ಪುಡಿ ಮಾಡಿ, ಸೆನೆಗಲ್‌ನ ಅಂಗಡಿಗಳಿಗೆ ಅಗ್ಗಕ್ಕೆ ಕಳಿಸುತ್ತಾರೆ. ಅಲ್ಲಿ ಲಿಂಗೇರ್ ಎಂಬ ಊರಿನ ಬಳಿ ಕುಂಬಾ ಎಂಬ ಹೆಂಗಸು, ತನ್ನಂಥ ಅರವತ್ತು ಮಂದಿಯನ್ನು ಕೂಡಿಸಿ ಹಾಲಿನ ಸಂಘ ಕಟ್ಟಿದ್ದಾಳೆ. ಸಂಜೆಗೆ ಕೊಳ್ಳುವವರಿಲ್ಲದೆ ಅವಳ ಹಾಲು ಮರಳಿಗೆ ಚೆಲ್ಲುತ್ತದೆ. ಒಕ್ಕೂಟದ ಮೂವತ್ತೊಂದು ಹೆಸರುಗಳಲ್ಲಿ ಅವಳ ಸಂಘದ್ದೂ ಒಂದು.

ಲುಟ್‌ಗಾರ್ಡ್ ಬರೆದ ಮೊದಲ ಕರಡಿನ ಸಾಲು ನೆಟ್ಟಗಿತ್ತು: ಅಲ್ಲಿನ ಹೈನುಗಾರರಿಗೆ ಪೆಟ್ಟು ಕೊಡುವ ರಫ್ತಿಗೆ ಯುರೋಪಿನ ಸಾರ್ವಜನಿಕ ಹಣ ಸಲ್ಲಬಾರದು. ಸದಸ್ಯ ಸಂಘವೊಂದಕ್ಕೆ ತನ್ನೂರಿನ ಡೇರಿಗಳ ಮುಲಾಜು. ಆ ಸಾಲಿಗೆ 'ಸಾಧ್ಯವಾದ ಮಟ್ಟಿಗೆ' ಎಂದು ಸೇರಿಸದಿದ್ದರೆ ಹೆಸರು ಕೊಡುವುದಿಲ್ಲವೆಂದು ಪಟ್ಟು ಹಿಡಿಯಿತು. ಒಂದು ಹೆಸರು ಬಿದ್ದರೂ ಎದುರಿನವರು ನಿಮ್ಮಲ್ಲೇ ಒಮ್ಮತವಿಲ್ಲ ಎನ್ನುತ್ತಾರೆ. ಲುಟ್‌ಗಾರ್ಡ್ ಸೇರಿಸಿದರು. ಪದ್ಧತಿಯಂತೆ ಎಲ್ಲರಿಗೂ ಕಳಿಸಿದರು: ಗುರುವಾರ ಮಧ್ಯಾಹ್ನ ಹನ್ನೆರಡರೊಳಗೆ ಆಕ್ಷೇಪ ಬಾರದಿದ್ದರೆ ಒಪ್ಪಿಗೆಯೆಂದು ತಿಳಿಯಲಾಗುವುದು. ಯಾರೂ ಉಸಿರೆತ್ತಲಿಲ್ಲ. ಸಂಸದರೊಬ್ಬರು ಪತ್ರದಿಂದ ಎತ್ತಿಕೊಂಡ ಆ ಸಾಲೇ ಈಗ ಇನ್ನೂರ ಹದಿನಾಲ್ಕನೆಯ ತಿದ್ದುಪಡಿ.

ಹತ್ತು ಗಂಟೆಗೆ ಅದರ ಸರದಿ ಬಂದು ಸಮಿತಿಯಲ್ಲಿ ಕೈಗಳು ಏಳುತ್ತವೆ. ಪುಡಿ ಮಾರುವವರ ಪರ ನಿಂತವರ ಕೈಯೂ ಏಳುತ್ತದೆ. ವಿರೋಧವಾಗಿ ಒಂದೂ ಇಲ್ಲ. ಅಧ್ಯಕ್ಷರು ನಾಗರಿಕ ಸಂಘಗಳಿಗೆ ವಂದನೆ ಹೇಳುತ್ತಾರೆ. ಲುಟ್‌ಗಾರ್ಡ್ ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಾರೆ. ಪ್ರಾರ್ಥನೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಕು ನೋಡಿದವರು.

ಕಚೇರಿಯಲ್ಲಿ ಪತ್ರಿಕೆಗಳ ವ್ಯವಹಾರ ನೋಡಿಕೊಳ್ಳುವ ಎನ್ನಿಯೋ ಕೇಕು ತಂದಿಟ್ಟಿದ್ದಾನೆ. "ಗೆದ್ದಿದ್ದೀವಿ ತಾಯಿ! ಮುಖ ಯಾಕೆ ಶವಯಾತ್ರೆಗೆ ಹೊರಟ ಹಾಗಿದೆ?"

"ಯಾರಿಗೂ ನೋಯದ ಮಾತಿಗೆ ಎಲ್ಲರೂ ಕೈ ಎತ್ತುತ್ತಾರೆ ಎನ್ನಿಯೋ. ನೀನು ಕೇಕ್ ತಿನ್ನು."

ಅವನು ಚಾಕು ಎತ್ತುವಷ್ಟರಲ್ಲಿ ಕುಂಬಾಳ ಕರೆ ಬರುತ್ತದೆ.

"ಅಕ್ಕಾ, ನಮ್ಮೂರ ರೇಡಿಯೋದವರು ಬಂದು ಆ ಪತ್ರ ಓದಿ ಹೇಳಿದ್ರು. ಕೆಳಗೆ ನಮ್ಮ ಸಂಘದ ಹೆಸರಿದೆಯಂತೆ. ಸಾಧ್ಯವಾದ ಮಟ್ಟಿಗೆ ಅಂತ ನಾವು ಯಾವತ್ತು ಅಂದ್ವಿ?"

"ಗುರುವಾರದ ತನಕ ಯಾರೂ ಬೇಡ ಅನ್ಲಿಲ್ಲ ಕುಂಬಾ."

"ಗುರುವಾರ ನಾನು ದನ ಹೊಡ್ಕೊಂಡು ನೀರಿನ ಜಾಗಕ್ಕೆ ಹೋಗಿದ್ದೆ. ಮೂರು ದಿನ ಫೋನಿಗೆ ಸಿಗ್ನಲ್ಲೇ ಇರ್ಲಿಲ್ಲ. ಬಾಯಿ ಬಿಡದಿದ್ರೆ ಒಪ್ಕೊಂಡ ಹಾಗೆ ಅಂತೀರಲ್ಲ, ನಿಮ್ಮ ಕಡೆ ಮದುವೆನೂ ಹೀಗೇ ಮಾಡಿಸ್ತೀರಾ?"

ಲುಟ್‌ಗಾರ್ಡ್ ನಗಲು ಹೋಗಿ ನಗಲಾರದೆ ಹೋಗುತ್ತಾರೆ. ಕುಂಬಾ ದನಿ ತಗ್ಗಿಸುತ್ತಾಳೆ. "ನಿನ್ನ ಮೇಲೆ ಸಿಟ್ಟಿಲ್ಲ ಅಕ್ಕಾ. ಹಾಲು ಚೆಲ್ಲಿದ್ದು ಸಾಕು, ಹೆಸರೂ ಚೆಲ್ಲೋದು ಬೇಡ. ನಮ್ಮದನ್ನ ತೆಗೆದುಬಿಡು."

ಯಾರ ಸಲುವಾಗಿ ಪತ್ರ ಬರೆದದ್ದೋ ಅವಳೇ ಪತ್ರದಿಂದ ಹೊರಗೆ. ಎನ್ನಿಯೋ ಗಾಬರಿಯಾಗುತ್ತಾನೆ. "ಗಡುವು ಮುಗಿದಿದೆ ಲುಟ್! ಇನ್ನು ಹದಿನೈದು ದಿನಕ್ಕೆ ಪೂರ್ಣ ಸದನದ ಮತ ಇದೆ. ಈಗ ತೆಗೆದರೆ ನಾವೇ ಒಡೆದ್ವಿ ಅಂತ ಬರೀತಾರೆ. ನಿಯಮ ಮಾಡಿದ್ದೂ ನೀನೇ ಅಲ್ವಾ?"

"ನಾನೇ," ಎನ್ನುತ್ತಾರೆ ಲುಟ್‌ಗಾರ್ಡ್. "ದೇವರೂ ಬಾಯಿ ಬಿಡಲ್ಲ ಎನ್ನಿಯೋ. ಹಾಗಂತ ಇಲ್ಲಿ ನಡೆಯೋದಕ್ಕೆಲ್ಲ ಅವನ ಸಹಿ ಇದೆ ಅಂತ ಬರ್ಕೊಳ್ಳೋಕಾಗುತ್ತಾ?"

ಹೆಸರು ಅಳಿಸುತ್ತಾರೆ. ಒಂದು ಸಂಘ ಹಿಂದೆ ಸರಿದಿದೆ, ಅದನ್ನು ಸರಿಯಾಗಿ ಕೇಳದೇ ಇದ್ದದ್ದು ತನ್ನ ತಪ್ಪು ಎಂದು ಎರಡು ಸಾಲು ಬರೆದು, ಇದೇ ಮೊದಲ ಬಾರಿಗೆ ತಮ್ಮ ಪೂರ್ತಿ ಹೆಸರಿನಲ್ಲಿ ಎಲ್ಲರಿಗೂ ಕಳಿಸುತ್ತಾರೆ. ನಾಲ್ಕು ಗಂಟೆಯೊಳಗೆ ಹನ್ನೊಂದು ಉತ್ತರ ಬರುತ್ತವೆ. ಹತ್ತು ಬೈಗುಳ, ಒಂದು, ರಜೆಯಲ್ಲಿದ್ದೇನೆ ಎಂಬ ಯಂತ್ರದ ಉತ್ತರ.

ನಿವೃತ್ತಿಗೆ ಇನ್ನು ಮೂರು ವರ್ಷ. ಏನು ಆಸೆ ಎಂದು ಕೇಳಿದರೆ ಲುಟ್‌ಗಾರ್ಡ್ ಪೆನ್ಸಿಲು ಕೆಳಗಿಡುತ್ತಾರೆ.

"ಹೋಗೋ ಮುಂಚೆ ಒಂದು ಪತ್ರ ಬರೀಬೇಕು. ಮೂವತ್ತೊಂದು ಹೆಸರು ಬೇಡ, ಮೂರು ಸಾಕು. ಆದ್ರೆ ಕುಂಬಾ ಅದನ್ನ ಪೂರ್ತಿ ಓದಿಸ್ಕೊಂಡು, ಹೂಂ ಅಂತ ಬಾಯಿಬಿಟ್ಟು ಹೇಳಿರಬೇಕು."