ಮೌನೇಶ್ವರಿ ಸಹಿ ಹಾಕಲಿಲ್ಲ

ದೇವದುರ್ಗ ತಾಲ್ಲೂಕಿನ ಗೂಗಲ್ ಎಂಬ ಹಳ್ಳಿಯಲ್ಲಿ ಭತ್ತದ ನಾಟಿಗೆ ಕೂಲಿ ಹೋಗುತ್ತಿದ್ದ ಬೂದೆಮ್ಮನ ಮಗಳು ಮೌನೇಶ್ವರಿ. ಮಾನ್ವಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಒಂಬತ್ತು ವರ್ಷಗಳಿಂದ ಕಂಪ್ಯೂಟರ್ ಕಲಿಸುತ್ತಿದ್ದಳು. ಗೆಸ್ಟ್ ಲೆಕ್ಚರರ್ ಕೆಲಸ. ವರ್ಷವರ್ಷವೂ ಹೊಸ ಆದೇಶ ಬರಬೇಕು. ಅದಕ್ಕೇ ಜೊತೆಯವರು ಯಾರಿಗೂ ಎದುರಾಡುತ್ತಿರಲಿಲ್ಲ. ಇವಳಿಗೆ ಆ ಅಭ್ಯಾಸ ಹತ್ತಲೇ ಇಲ್ಲ.

ಆ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗೆ ರಾಯಚೂರಿನಿಂದ ಸಿದ್ದರಾಮಪ್ಪ ಎಂಬ ಹಿರಿಯ ಪರೀಕ್ಷಕರು ಬಂದಿದ್ದರು. ವಿದ್ಯಾರ್ಥಿನಿ ಗುಲ್ನಾಜ್ ಬಸ್ ಟಿಕೆಟ್‌ನ ಪ್ರೋಗ್ರಾಂ ಬರೆದಿದ್ದಳು. ‘ಟಿಕೆಟ್’ ಎಂಬುದು ಮೂಲ ಕ್ಲಾಸು, ಅಂದರೆ ಪ್ರೋಗ್ರಾಮಿನೊಳಗಿನ ಅಚ್ಚು; ‘ಗುಂಪು ಟಿಕೆಟ್’ ಅದರಿಂದ ಹುಟ್ಟಿದ ಮರಿ ಕ್ಲಾಸು. ಎಷ್ಟು ಮಂದಿ ಎಂದು ಹೇಳದೆ ಬಿಟ್ಟರೆ ಮೂಲ ಕ್ಲಾಸು ಒಬ್ಬರೆಂದೂ ಮರಿ ಕ್ಲಾಸು ಹತ್ತು ಮಂದಿಯೆಂದೂ ತಾನೇ ಹಿಡಿಯಬೇಕು. ಗುಲ್ನಾಜ್ ಕರೆದದ್ದು ಮರಿ ಕ್ಲಾಸನ್ನು, ಪರದೆಯ ಮೇಲೆ ಹತ್ತು ಬರಬೇಕಾದಲ್ಲಿ ಬಂದದ್ದು ಒಂದು. ಸಿದ್ದರಾಮಪ್ಪ ಸೊನ್ನೆ ಹಾಕಿ ಅಂಕಪಟ್ಟಿಯನ್ನು ಕಾಲೇಜಿನ ಕಡೆಯ ಪರೀಕ್ಷಕಿಯಾಗಿದ್ದ ಮೌನೇಶ್ವರಿಯ ಸಹಿಗೆಂದು ಸರಿಸಿದರು.

ಅವಳು ಪ್ರೋಗ್ರಾಮನ್ನು ಎರಡು ಸಲ ಓದಿದಳು.

“ಹುಡುಗಿ ಬರದದ್ದು ಸರಿ ಅದ ಸರ್. ಕಂಪೈಲರ್ ತಪ್ಪು ಮಾಡಾಕತ್ತದ.”

ಕಂಪೈಲರ್ ಎಲ್ಲಿಯಾದರೂ ತಪ್ಪು ಮಾಡುತ್ತದೆಯೇ, ಮಾನ್ವಿಯಲ್ಲಿ ಕೂತು ಅದನ್ನು ಹಿಡಿದವರು ನೀವೇನಾ ಎಂದು ಅವರು ನಕ್ಕರು.

“ಪ್ರೋಗ್ರಾಮನ್ನ ಯಂತ್ರಕ್ಕ ತಿಳಿಯೋ ಹಂಗ ಮಾಡೋ ಆ ಕಂಪೈಲರ್ ಬರದೋರೂ ಮನುಷ್ಯಾರೇ ಅದಾರ್ರೀ. ನಾ ಸಹಿ ಹಾಕಂಗಿಲ್ಲ.”

ಸಹಿ ಇಲ್ಲದೆಯೇ ಪಟ್ಟಿ ಹೋಯಿತು. ಪ್ರಿನ್ಸಿಪಾಲರು ನೋಟಿಸ್ ಕೊಟ್ಟರು. ಅವಳು ಅದನ್ನು ಬ್ಯಾಗಿನಲ್ಲಿ ಮಡಚಿಟ್ಟು ಲ್ಯಾಬಿಗೆ ಹೋದಳು. ಗುಲ್ನಾಜಳ ಪ್ರೋಗ್ರಾಮಿನಿಂದ ಒಂದೊಂದೇ ಸಾಲು ತೆಗೆಯುತ್ತ ಹನ್ನೊಂದು ಸಾಲಿಗೆ ತಂದು ನಿಲ್ಲಿಸಿದಳು. ಆಗಲೂ ಪರದೆಯ ಮೇಲೆ ಒಂದು ಎಂದೇ ಬರುತ್ತಿತ್ತು. ಹಳೆಯ ಕಂಪೈಲರ್ ಇದ್ದ ಇನ್ನೊಂದು ಕಂಪ್ಯೂಟರಿನಲ್ಲಿ ಅದೇ ಹನ್ನೊಂದು ಸಾಲು ಹತ್ತು ಎಂದಿತು. ತಪ್ಪು ಹೊಸ ಆವೃತ್ತಿಯಲ್ಲಿತ್ತು.

ಕಂಪೈಲರ್ ನೋಡಿಕೊಳ್ಳುವವರಿಗೆ ಬರೆದಳು. ತಪ್ಪು ನಿಮ್ಮದೇ, ಪಾಠ ಮತ್ತೊಮ್ಮೆ ಓದಿಕೊಳ್ಳಿ ಎಂದು ದೂರು ಮುಚ್ಚಿದರು. ಆ ಭಾಷೆಯ ನಿಯಮಪುಸ್ತಕದ ಸಾಲನ್ನೇ ಎತ್ತಿ ಬರೆದು ಮತ್ತೆ ಕಳಿಸಿದಳು; ಮತ್ತೆ ಮುಚ್ಚಿದರು. ಊರಿನಲ್ಲಿ ತಾಯಿ ಬೂದೆಮ್ಮ ಎಲ್ಲ ಕೇಳಿಸಿಕೊಂಡು, ಹುಡುಗಿ ಬರೆದದ್ದು ಖರೇನೇ ಸರಿ ಇತ್ತೇನು ಎಂದಷ್ಟೇ ಕೇಳಿದಳು. ಹೌದೆಂದ ಮಗಳು ಕಂಪೈಲರಿನವರಿಗೆ ಮೂರನೆಯ ಸಲ ಬರೆದಳು. ಈ ಬಾರಿ ಎರಡೂ ಕಂಪೈಲರುಗಳು ಕೊಟ್ಟ ಉತ್ತರವನ್ನು ಅಕ್ಕಪಕ್ಕ ಇಟ್ಟು ಕಳಿಸಿದಳು.

ನಾಲ್ಕನೆಯ ದಿನ ಕಂಪೈಲರ್ ತಂಡದಲ್ಲಿದ್ದ ಯಾವುದೋ ದೇಶದ ಒಬ್ಬ ಹೆಣ್ಣುಮಗಳಿಂದ ಉತ್ತರ ಬಂತು: ನೀವು ಹೇಳಿದ್ದೇ ಸರಿ, ಮುಂದಿನ ಆವೃತ್ತಿಯಲ್ಲಿ ತಿದ್ದುತ್ತೇವೆ.

ಪ್ರಿನ್ಸಿಪಾಲರು ಕ್ಷಮಾಪಣೆ ಬರೆದುಕೊಟ್ಟರೆ ನೋಟಿಸು ಮುಗಿಸೋಣ ಎಂದಿದ್ದರು. ಅವಳು ಆ ಉತ್ತರದ ಪ್ರಿಂಟು ಮೇಜಿನ ಮೇಲಿಟ್ಟಳು, ಕ್ಷಮಾಪಣೆ ಬರೆಯಲಿಲ್ಲ. ಮರುಪರಿಶೀಲನೆಯಲ್ಲಿ ಗುಲ್ನಾಜಳಿಗೆ ಪೂರ್ತಿ ಅಂಕ ಬಂದವು. ಮೌನೇಶ್ವರಿಯ ಮುಂದಿನ ವರ್ಷದ ಕೆಲಸದ ಆದೇಶ ಮಾತ್ರ ಎರಡು ತಿಂಗಳು ತಡವಾಯಿತು.

ಚಳಿಗಾಲದಲ್ಲಿ, ರಾಯಚೂರಿನ ಮೌಲ್ಯಮಾಪನ ಕೇಂದ್ರದಲ್ಲಿ ಸಿದ್ದರಾಮಪ್ಪ ಅವಳ ಎದುರಿಗೆ ಬಂದು ನಿಂತರು.

“ಇಂಥಾದ್ದು ನನಗ ಹೆಂಗ ಗೊತ್ತಾಗಬೇಕಿತ್ತು ಮೇಡಂ?”

“ಯಾಕ ಹಿಂಗ ಬರದಿ ಅಂತ ಹುಡುಗೀನ ಒಂದ್ಸಲ ಕೇಳಿದ್ರ ಆಗ್ತಿತ್ರೀ ಸರ್,” ಎಂದು ಮುಂದಿನ ಉತ್ತರಪತ್ರಿಕೆ ತೆರೆದಳು.